ಮೀನು ಬರುವ ಮುನ್ನ ಮಾತು ಕೊಡಬೇಡ

ಮಲ್ಪೆ, ಏಪ್ರಿಲ್ 12

ಪ್ರೀತಿಯ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಅಮ್ಮ ನಿನ್ನೆ ಮೊಬೈಲಿನಲ್ಲಿ ನಿನ್ನ ಜಾಹೀರಾತು ತೋರಿಸಿದಳು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಗಿರಾಕಿಗಳನ್ನು ಗಾಳ ಹಾಕಿಸಲು ಕರೆದೊಯ್ಯುವ ದೋಣಿಗೆ ಹೊಸ ಬಣ್ಣ ಹೊಡೆಸಿದ್ದೀಯ, ನೋಡಿ ಕಣ್ಣು ತುಂಬಿತು. ಆದರೆ ಅದರ ಕೆಳಗೆ ‘ಏಪ್ರಿಲ್ 25ರಿಂದ ಸ್ಟ್ರೈಪರ್ ಖಚಿತ’ ಎಂದು, ಆ ಪಟ್ಟೆಯ ಬಾಸ್ ಮೀನು ಸಿಕ್ಕೇ ಸಿಗುತ್ತದೆ ಎಂಬಂತೆ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಜೊತೆಗೆ ಹಾಕಿರುವ ಚಿತ್ರ ಮೂರು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ ನಾನೇ ತೆಗೆದದ್ದು. ಎರಡನ್ನೂ ಇವತ್ತೇ ತೆಗೆದುಹಾಕು.

ಆ ಮೀನು ಈಗ ಎಲ್ಲಿದೆ ಎಂದು ಸ್ವಲ್ಪ ಯೋಚಿಸು. ದೊಡ್ಡ ಹೆಣ್ಣುಗಳಲ್ಲಿ ಹೆಚ್ಚಿನವು ಇನ್ನೂ ದಕ್ಷಿಣದ ಮೇರಿಲ್ಯಾಂಡಿನ ಕಡೆ ಚೆಸಾಪೀಕ್ ಕೊಲ್ಲಿಗೆ ಸೇರುವ ನದಿಗಳಲ್ಲಿವೆ. ಪೊಟೊಮ್ಯಾಕ್, ಚಾಪ್‌ಟ್ಯಾಂಕ್, ನ್ಯಾಂಟಿಕೋಕ್ ನದಿಗಳ ಸಿಹಿನೀರು ಹದವಾಗಿ ಬೆಚ್ಚಗಾಗುವ ತನಕ ಅವು ಮೊಟ್ಟೆ ಬಿಡುವುದಿಲ್ಲ. ಬಿಟ್ಟ ಮೊಟ್ಟೆ ಹೊಳೆಯ ಹರಿವಿನಲ್ಲಿ ತೇಲುತ್ತಲೇ ಸುಮಾರು ಎರಡು ದಿನದಲ್ಲಿ ಒಡೆಯಬೇಕು. ತಳಕ್ಕೆ ಇಳಿದು ಕೆಸರಿನಲ್ಲಿ ಹೂತರೆ ಸತ್ತಿತು. ಬಸುರಿಗೆ ಅವಸರ ಮಾಡಿದವರುಂಟೆ? ಹೆರಿಗೆ ಮುಗಿಸಿಕೊಂಡು ಅವು ಕಡಲಿಗಿಳಿದು ಮೆನ್‌ಹೇಡನ್, ಹೆರಿಂಗ್ ಎಂಬ ಸಣ್ಣ ಮೀನುಗಳ ಹಿಂಡಿನ ಬೆನ್ನು ಹತ್ತಿ ನ್ಯೂಜೆರ್ಸಿ ದಾಟಿ, ರೋಡ್ ಐಲೆಂಡ್ ದಾಟಿ ಬರಬೇಕು. ನಮ್ಮ ಬಜರ್ಡ್ಸ್ ಕೊಲ್ಲಿಗೆ ಏಪ್ರಿಲ್ ಕೊನೆಯಲ್ಲಿ, ಮೇ ಮೊದಲಲ್ಲಿ ಮುಟ್ಟುವುದು ಎಳೆಯ, ಸಣ್ಣ ಮೀನುಗಳ ಗುಂಪು ಮಾತ್ರ. ದೊಡ್ಡವು ಬರುವುದು ಆಮೇಲೆ, ಲೈಲಾಕ್ ಗಿಡ ಹೂ ಬಿಟ್ಟಾಗ ಎಂದು ಅಲ್ಲಿನ ಹಳಬರು ಹೇಳುತ್ತಾರೆ. ಇಪ್ಪತ್ತೆರಡು ವಸಂತ ನಾನು ಆ ಮಾತನ್ನೇ ನಂಬಿ ನಡೆದೆ.

ಹೊಸ ಎಂಜಿನ್ನಿನ ಕಂತು ಮೀನಿಗಿಂತ ಮೊದಲೇ ಬರುತ್ತದೆ ಎಂಬುದು ನನಗೆ ಗೊತ್ತು. ಮೇ ತಿಂಗಳ ಕಂತನ್ನು ನಾನು ಕಳುಹಿಸುತ್ತೇನೆ, ಅದಕ್ಕಾಗಿ ಸಂಕೋಚ ಬೇಡ. ಏಪ್ರಿಲ್‌ಗೆ ಮುಂಗಡ ಕೊಟ್ಟವರಿಗೆಲ್ಲ ಫೋನ್ ಮಾಡಿ, ದಿನ ಮುಂದಕ್ಕೆ ಹಾಕೋಣ, ಬೇಡವಾದರೆ ಹಣ ವಾಪಸು ಎಂದು ಹೇಳು.

ಯಾಕೆ ಇಷ್ಟು ಹೇಳುತ್ತೇನೆ ಎಂದರೆ, ನಾನೂ ಇದೇ ತಪ್ಪು ಮಾಡಿದವನು. ಮೂರನೆಯ ವರ್ಷ, ಕೈಯಲ್ಲಿ ಕಾಸಿರಲಿಲ್ಲ. ವೂಸ್ಟರ್ ಕಡೆಯ ಒಬ್ಬರು ಹತ್ತು ವರ್ಷದ ಮಗನನ್ನು ಕರೆದುಕೊಂಡು ಬಂದರು. ಮೀನು ಬಂದಾಗಿದೆ ಎಂದು ನಾನು ಅವರಿಗೆ ಬಾಯಿಬಿಟ್ಟು ಹೇಳಿದ್ದೆ. ಆರು ಗಂಟೆ ಕೊಲ್ಲಿಯೆಲ್ಲ ಸುತ್ತಿಸಿದೆ. ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಆ ಹುಡುಗ ಒಮ್ಮೆಯೂ ಗಾಳ ಕೆಳಗಿಡಲಿಲ್ಲ. ದಡಕ್ಕೆ ಬಂದ ಮೇಲೆ, ನಾಳೆ ಬಂದರೆ ಸಿಗುತ್ತದೆಯೇ ಎಂದು ಕೇಳಿದ. ನಾನು ಮತ್ತೆ ಹೌದು ಎಂದೆ. ಅವನಪ್ಪ ಪೂರ್ತಿ ಹಣ ಎಣಿಸಿ ಕೊಟ್ಟು, ನನ್ನ ಮುಖ ನೋಡದೆ ಕಾರು ಹತ್ತಿದರು. ಮೊದಲನೆಯ ಸುಳ್ಳಿಗಿಂತ ಆ ಎರಡನೆಯ ಹೌದು ನನ್ನನ್ನು ಇವತ್ತಿಗೂ ಸುಡುತ್ತದೆ.

ಕಾಯುವ ದಿನಗಳಲ್ಲಿ ಕೆಲಸವೇನು ಕಡಿಮೆಯೇ? ಇಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಬಂದರಿನಲ್ಲೇ ಇರುತ್ತವೆ, ಬಲೆ ಕಟ್ಟುವವರ ಕೈ ಮಾತ್ರ ಸುಮ್ಮನಿರುವುದಿಲ್ಲ. ನೀನು ದಿನಾ ಬೆಳಿಗ್ಗೆ ಬೋರ್ನ್‌ಡೇಲ್‌ಗೆ ಹೋಗು. ಕೇಪ್ ಕಾಡ್ ಕಾಲುವೆಯಿಂದ ಹೆರಿಂಗ್ ಮೀನು ಮೇಲಿನ ಕೆರೆಗಳಿಗೆ ಹತ್ತುವುದು ಅಲ್ಲಿಯೇ. ನಮ್ಮ ಬೂತಾಯಿಯ ಬಳಗದ್ದು, ಕಡಲಿನಿಂದ ಸಿಹಿನೀರಿಗೆ ಏರುವ ಜಾತಿ. 2006ರಲ್ಲಿ ಆ ರಾಜ್ಯ ಅದನ್ನು ಹಿಡಿಯುವುದನ್ನು ನಿಷೇಧಿಸಿತು; ಸುಮ್ಮನೆ ನಿಂತು ನೋಡು, ಎಣಿಸು, ಬರೆದಿಡು. ಕೊಲ್ಲಿಯ ನೀರು 10 ಡಿಗ್ರಿ ಸೆಲ್ಸಿಯಸ್ ಮುಟ್ಟಿತೇ ಎಂದು ಅಳೆ. ಗಾಳಗಳ ತುದಿಯ ಹಿಂಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡು. ಸಹಜ ಎರೆ ಹಾಕುವುದಾದರೆ ಸರ್ಕಲ್ ಹುಕ್ಕೇ, ಅಂದರೆ ತುದಿ ಒಳಕ್ಕೆ ಬಾಗಿದ ದುಂಡು ಗಾಳವೇ ಆಗಬೇಕು, ಅದು ಕಾನೂನು.

ಕಾನೂನು ಎಂದಾಗ ಮುಖ ಗಂಟಿಕ್ಕಬೇಡ. ಸ್ಟ್ರೈಪರ್ ಮೀನಿನ ಋಣ ಆ ನೆಲಕ್ಕೆ ದೊಡ್ಡದು. 1639ರಲ್ಲೇ ಮ್ಯಾಸಚೂಸೆಟ್ಸಿನ ವಲಸಿಗರು ಅದನ್ನು ಹೊಲಕ್ಕೆ ಗೊಬ್ಬರವಾಗಿ ಹಾಕುವುದನ್ನು ನಿಷೇಧಿಸಿದ್ದರು. 1670ರಲ್ಲಿ ಪಕ್ಕದ ಪ್ಲಿಮತ್ ವಸಾಹತಿನವರು ಕೇಪ್ ಕಾಡಿನ ಮೀನುಗಾರಿಕೆಯಿಂದ ಬಂದ ಹಣದಲ್ಲಿ ಶಾಲೆ ನಡೆಸಲು ತೀರ್ಮಾನಿಸಿದರು; ಆ ಹಣದಲ್ಲಿ ಬಂಗುಡೆ, ಹೆರಿಂಗ್ ಜೊತೆ ಈ ಬಾಸ್ ಮೀನಿನದೂ ಪಾಲಿತ್ತು. ಅಂಥ ಮೀನನ್ನು 1980ರ ಹೊತ್ತಿಗೆ ಜನ ಬರಿದು ಮಾಡಿದ್ದರು. ಮೇರಿಲ್ಯಾಂಡ್ 1985ರಿಂದ ಐದು ವರ್ಷ ಹಿಡಿಯುವುದನ್ನೇ ನಿಲ್ಲಿಸಿತು, ಮೀನು ಮರಳಿತು, 1995ರಲ್ಲಿ ಚೇತರಿಸಿದೆ ಎಂದು ಸಾರಿದರು. 2019ರಲ್ಲಿ ಮೀನು ಮತ್ತೆ ಕಡಿಮೆಯಾಗಿದೆ ಎಂಬ ಎಚ್ಚರಿಕೆ ಬಂತು. ಆಮೇಲಿನ ವರ್ಷಗಳಲ್ಲಿ ಚೆಸಾಪೀಕ್‌ನಲ್ಲಿ ಮರಿಗಳೇ ಸರಿಯಾಗಿ ಹುಟ್ಟುತ್ತಿಲ್ಲ. ಅದಕ್ಕೇ ಈಗ 28 ಇಂಚಿನಿಂದ 31 ಇಂಚಿನೊಳಗಿನ ಒಂದೇ ಮೀನು, ಒಬ್ಬರಿಗೆ ಒಂದು ದಿನಕ್ಕೆ. ದೊಡ್ಡ ತಾಯಿಯಂದಿರೆಲ್ಲ ನೀರಿಗೆ ಹಿಂದಿರುಗಬೇಕು.

ಹಿಂದಿರುಗಿಸುವುದೆಂದರೆ ಎಸೆಯುವುದಲ್ಲ. ಬಿಟ್ಟ ನೂರರಲ್ಲಿ ಒಂಬತ್ತು ಸಾಯುತ್ತವೆ ಎಂದು ವಿಜ್ಞಾನಿಗಳು ಲೆಕ್ಕ ಹಿಡಿಯುತ್ತಾರೆ. ಒಂದು ಜುಲೈನಲ್ಲಿ ಗಿರಾಕಿಗಳು ಒಬ್ಬರಾದ ಮೇಲೊಬ್ಬರು ಚಿತ್ರ ತೆಗೆಸಿಕೊಳ್ಳಲು ಒಂದು ದೊಡ್ಡ ಹೆಣ್ಣನ್ನು ಎತ್ತಿ ಹಿಡಿದರು, ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಬಿಟ್ಟಾಗ ಬಾಲ ಬಡಿದು ಹೋಯಿತು. ಸಂಜೆ ಮರಳುವಾಗ ಅದೇ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಬಲಗಡೆಯ ರೆಕ್ಕೆ ಹರಿದಿದ್ದ ಗುರುತಿತ್ತು. ಚಿತ್ರ ಬೇಕೆಂದರೆ ಮೀನು ನೀರಿನಲ್ಲೇ ಇರಲಿ, ಒದ್ದೆ ಕೈಯಲ್ಲಿ ಹಿಡಿ, ಅದು ತಾನಾಗಿ ಕೈ ಕೊಸರಿಕೊಂಡು ಹೋಗುವ ತನಕ ಬಿಡಬೇಡ.

ಇನ್ನೊಂದು. ಚಳಿಗಾಲವನ್ನು ಅಲ್ಲೇ ನದಿಗಳಲ್ಲಿ ಕಳೆದ ಕೆಲವು ಮೀನುಗಳು ಏಪ್ರಿಲ್‌ನಲ್ಲೇ ಗಾಳಕ್ಕೆ ಬೀಳುತ್ತವೆ. ಮೈ ಕಪ್ಪಾಗಿರುತ್ತದೆ. ಅದನ್ನು ನೋಡಿ ವಲಸೆ ಶುರುವಾಯಿತೆಂದು ಊರೆಲ್ಲ ಸಾರಬೇಡ. ಬೆಳ್ಳಿಯಂತೆ ಹೊಳೆಯುವ ಮೀನು ಸಿಕ್ಕಾಗ ಅದರ ಮೈಮೇಲೆ ಕಡಲ ಹೇನು ಅಂಟಿದೆಯೇ ನೋಡು. ಇದ್ದರೆ ಅದು ಹೊರಗಡಲಿನಿಂದ ಈಗಷ್ಟೇ ಬಂದದ್ದು. ನೀರಿಗೆ ಬಿಟ್ಟು, ಕೈ ಒರೆಸಿಕೊಂಡು ನನಗೆ ಫೋನ್ ಮಾಡು. ಇಲ್ಲಿ ಎಷ್ಟು ರಾತ್ರಿಯಾಗಿದ್ದರೂ ಎತ್ತುತ್ತೇನೆ.

ನಿನ್ನ ಮಾವ