ನಾನು ಸಹಿ ಹಾಕಿದ ಕಾಗದ

ಪುಟ್ಟೀ,

ಮೊನ್ನೆ ಬೀರು ಸರಿಮಾಡುವಾಗ ನಿನ್ನ ಎನ್‌ಡಿಎ ಫೈಲು ಸಿಕ್ಕಿತು, ನೀನು ಆ ಸೇನಾ ಅಧಿಕಾರಿಗಳ ತರಬೇತಿ ಅಕಾಡೆಮಿಗೆ ಸೇರುವಾಗಿನದು. ಒಳಗೆ ನಾನು ಸಹಿ ಹಾಕಿದ ಕಾಗದದ ಜೆರಾಕ್ಸ್. ತರಬೇತಿಯಲ್ಲಿ ಪೆಟ್ಟಾದರೆ ಪರಿಹಾರ ಕೇಳುವುದಿಲ್ಲ, ನೀನಾಗಿಯೇ ನಡುವೆ ಬಿಟ್ಟು ಬಂದರೆ ಖರ್ಚು ಕಟ್ಟಿಕೊಡುತ್ತೇವೆ ಅಂತ. ಅವತ್ತು ಪೆನ್ನು ಹಿಡಿದು ಎಷ್ಟು ಹೊತ್ತು ಸುಮ್ನೆ ಕೂತಿದ್ದೆ, ನೆನಪಿದೆಯಾ? ನೀನು ಸಿಡುಕುತ್ತಿದ್ದೆ.

ಆಗ ನನ್ನ ತಲೆಯಲ್ಲಿ ಇದ್ದದ್ದು ಉಗಾಂಡಾದ ಒಬ್ಬ ತಾಯಿ. ಹೇಳಿದ್ದರೆ ಅಮ್ಮ ಹೆದರಿಸ್ತಿದ್ದಾಳೆ ಅಂತ ನೀನು ಅಂದುಕೊಳ್ಳುತ್ತಿದ್ದೆ. ಅದಕ್ಕೇ ಹೇಳಲಿಲ್ಲ.

1996ರ ಅಕ್ಟೋಬರ್ 9, ಅವರ ದೇಶದ ಸ್ವಾತಂತ್ರ್ಯ ದಿನ. ಆ ರಾತ್ರಿ ಉತ್ತರದ ಅಬೋಕೆ ಎಂಬ ಊರಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಜೋಸೆಫ್ ಕೋನಿ ಎಂಬವನ ಬಂಡುಕೋರರು ನುಗ್ಗಿದರು. 139 ಹುಡುಗಿಯರನ್ನು ಎಳೆದೊಯ್ದರು. ಶಾಲೆಯ ಉಪಮುಖ್ಯಸ್ಥೆ ಸಿಸ್ಟರ್ ರಾಕೆಲೆ, ಇಟಲಿಯವರು, ಒಬ್ಬ ಮೇಷ್ಟ್ರ ಜೊತೆ ಅವರ ಬೆನ್ನು ಹತ್ತಿ ನಡೆದೇ ಹೋದರು. ಕಾಡಿ ಬೇಡಿ 109 ಮಂದಿಯನ್ನು ಬಿಡಿಸಿಕೊಂಡರು. 30 ಮಂದಿಯನ್ನು ಕೊಡಲಿಲ್ಲ. ಆ ಮೂವತ್ತರಲ್ಲಿ ಏಂಜಲೀನಾ ಅಟ್ಯಾಮ್ ಎಂಬ ನರ್ಸಿನ ಮಗಳೂ ಇದ್ದಳು.

ಏಂಜಲೀನಾ ಬೇರೆ ತಂದೆ ತಾಯಿಯರನ್ನು ಸೇರಿಸಿ ಸಂಘ ಕಟ್ಟಿದರು, ಊರೂರಲ್ಲಿ ಮಾತಾಡಿದರು. ಬಾಯಿ ಮುಚ್ಚಿಕೊಂಡರೆ ನಿನ್ನ ಮಗಳನ್ನು ಬಿಡುತ್ತೇವೆ ಅಂತ ಬಂಡುಕೋರರ ಕಡೆಯಿಂದ ಸುದ್ದಿ ಬಂತು. ಬಿಟ್ಟರೆ ಎಲ್ಲರನ್ನೂ ಬಿಡಿ ಅಂದರು ಆಕೆ. ನಾನಾಗಿದ್ದರೆ ಒಪ್ಪಿಬಿಡುತ್ತಿದ್ದೆ ಕಣೇ. ಸುಳ್ಳು ಯಾಕೆ ಹೇಳಲಿ.

ಕಾಡಿನಲ್ಲಿ ಹುಡುಗಿಯರನ್ನು ಕಮಾಂಡರುಗಳಿಗೆ ಹೆಂಡತಿ ಅಂತ ಹಂಚುತ್ತಿದ್ದರು. ಓಡಿಹೋಗಲು ನೋಡಿ ಸಿಕ್ಕಿಬಿದ್ದವರನ್ನು ಉಳಿದ ಮಕ್ಕಳಿಂದಲೇ ಹೊಡೆಸಿ ಕೊಲ್ಲಿಸುತ್ತಿದ್ದರು. ಡೊಮಿನಿಕ್ ಒಂಗ್ವೆನ್ ಎಂಬವನನ್ನು ಶಾಲೆಯ ದಾರಿಯಲ್ಲೇ ಹಿಡಿದೊಯ್ದಿದ್ದರು. ಬೆಳೆದು ಅವನೂ ಕಮಾಂಡರ್ ಆದ. 2021ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ಕೋರ್ಟು ಅವನಿಗೆ 25 ವರ್ಷ ಶಿಕ್ಷೆ ಕೊಟ್ಟಿತು. ಶಿಕ್ಷೆ ಸರಿಯೇ. ಆದರೂ ಆ ಶಾಲೆ ಹುಡುಗ ನನ್ನ ಕಣ್ಣಿಂದ ಹೋಗುವುದಿಲ್ಲ.

ನಿನಗೆ ಈಗಿನ್ನೂ ಹದಿನೇಳೇ ವರ್ಷ. ಬಂದೂಕು ಹಿಡಿಯೋದು ಕಲಿಸುತ್ತಾರೆ, ಆದರೆ ಹದಿನೆಂಟು ತುಂಬದವರನ್ನು ನಮ್ಮಲ್ಲಿ ಯುದ್ಧದ ಜಾಗಕ್ಕೆ ಕಳಿಸುವುದಿಲ್ಲ. ನಮ್ಮ ಕೆರೆ ಏರಿ ಮೇಲೆ ಬೆಳಗಿನ ಜಾವ ಅಗ್ನಿವೀರ್ ಭರ್ತಿಗೆ ಓಡುವ ಹುಡುಗರಿದ್ದಾರಲ್ಲ, ಅವರಲ್ಲಿ ಎಷ್ಟೋ ಜನರಿಗೆ ಅದು ಆಸೆಗಿಂತ ಜಾಸ್ತಿ ಹೊಟ್ಟೆಪಾಡು. ನಿನಗೆ ಇಂಜಿನಿಯರಿಂಗ್ ಸೀಟು ಕೈಯಲ್ಲಿತ್ತು. ನೀನಾಗಿಯೇ ಅದನ್ನು ಬಿಟ್ಟು ಹೋದೆ. 2022ಕ್ಕೆ ಮೊದಲು ನಿಮ್ಮ ಅಕಾಡೆಮಿ ಇರುವ ಖಡಕ್‌ವಾಸ್ಲಾದಲ್ಲಿ ಹುಡುಗಿಯರನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ, ಅದೂ ನೆನಪಿರಲಿ.

ಏಂಜಲೀನಾ ಅವರ ಮಗಳು 2004ರಲ್ಲಿ ತಪ್ಪಿಸಿಕೊಂಡು ಬಂದಳು. ಹೆಚ್ಚು ಕಡಿಮೆ ಎಂಟು ವರ್ಷ. ಬರುವಾಗ ಅವಳೇ ಎರಡು ಮಕ್ಕಳ ತಾಯಿ.

ನಿನಗೆ ಅಲ್ಲಿ ಆಗಲ್ಲ ಅನ್ನಿಸಿದರೆ ಫೋನ್ ಮಾಡು. ಖರ್ಚು ಕಟ್ಟೋಕೆ ಏನಾದರೂ ದಾರಿ ನೋಡೋಣ. ಅಪ್ಪನಿಗೆ ಹೇಳೋದು ನನಗೆ ಬಿಡು. ಆಗುತ್ತೆ ಅನ್ನಿಸಿದರೂ ಫೋನ್ ಮಾಡು, ಹೋದ ಭಾನುವಾರ ಮಾಡಲಿಲ್ಲ ನೀನು. ಮೊಣಕಾಲಿಗೆ ಎಣ್ಣೆ ಕಳಿಸಿದ್ದೀನಿ. ಬಾಟಲಿ ಸೋರಿತ್ತಾ ಹೇಳು.

ಅಮ್ಮ