ಗೆಳೆಯನಿಗೊಂದು ಪತ್ರ: ಗಂಟುಮೂಟೆ ಕಟ್ಟುವ ಮುನ್ನ

ತುಮಕೂರು

ಪ್ರಿಯ ಮಂಜು,

ಮಕ್ಕಳನ್ನು ಕರೆದುಕೊಂಡು ಜರ್ಮನಿಯಲ್ಲಿ ನೆಲೆಸಲು ಹೊರಟಿದ್ದೀಯಲ್ಲ, ಮೊದಲು ಅಮ್ಮನಿಗೆ ಒಂದು ಮಾತು ಹೇಳಿಬಿಡು. ತಿಪಟೂರಿನ ಕೊಬ್ಬರಿಯನ್ನು ಅವರು ಬಟ್ಟೆ ನಡುವೆ ಸೇರಿಸಿಟ್ಟರೆ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ಬಿಚ್ಚಿಸಿ ತೆಗೆಸುತ್ತಾರೆ. ಒಣ ಕೊಬ್ಬರಿಯಲ್ಲಿ ಶೇ. 60ಕ್ಕೂ ಹೆಚ್ಚು ಎಣ್ಣೆ. ಒಳಗೆ ತುಸು ತೇವ ಉಳಿದಿದ್ದರೂ ತಾನಾಗಿ ಕಾವೇರುತ್ತದೆ, ಅದಕ್ಕೇ ಸಾಗಣೆ ನಿಯಮಗಳಲ್ಲಿ ಅದು ತಾನೇ ಹೊತ್ತಿಕೊಳ್ಳಬಲ್ಲ ಪದಾರ್ಥ. ತುರಿದ ಒಣ ಕೊಬ್ಬರಿ ಜರ್ಮನಿಯ ಅಂಗಡಿಗಳಲ್ಲೇ ಸಿಗುತ್ತದೆ ಅಂತ ಸಮಾಧಾನ ಮಾಡು. ದೇವರ ಸಾಮಾನಿನಲ್ಲಿ ಕರ್ಪೂರ, ಬೆಂಕಿಪೊಟ್ಟಣ ಇರಬಾರದು. ತುಪ್ಪ, ಖೋವಾ, ಪೇಡಗಳದ್ದು ಬೇರೆ ತೊಡಕು: ಇಲ್ಲಿಂದ ಹೊರಟರೂ, ಯುರೋಪ್ ಒಕ್ಕೂಟದೊಳಗೆ ನಮ್ಮ ದೇಶದ ಹಾಲಿನ ಪದಾರ್ಥವನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಹಸಿ ಕರಿಬೇವೂ ಬೇಡ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬಿಡುವುದಿಲ್ಲ.

ಕಟ್ಟುವುದಕ್ಕಿಂತ ಮೊದಲು ಪಾಲು ಮಾಡುವುದು ಮುಖ್ಯ ಕಣೋ. ಕೈಚೀಲಕ್ಕೆ ಏನು, ಸೂಟ್‌ಕೇಸಿಗೆ ಏನು, ಹಡಗಿಗೆ ಏನು ಅಂತ ಮೂರು ಪಾಲು. ಚೆನ್ನೈ ಬಂದರಿನಿಂದ ಹೋಗುವ ಸಾಮಾನು ಮನೆ ಬಾಗಿಲು ಮುಟ್ಟಲು ಎರಡು ಮೂರು ತಿಂಗಳು ಹಿಡಿಯುತ್ತದೆ ಅಂತಲೇ ಲೆಕ್ಕ ಇಟ್ಟುಕೊ. 2023ರ ಕೊನೆಯಿಂದ ಎಷ್ಟೋ ಹಡಗುಗಳು ಕೆಂಪು ಸಮುದ್ರ ಬಿಟ್ಟು ಆಫ್ರಿಕಾ ಸುತ್ತಿ ಹೋಗಿವೆ, ಆ ದಾರಿಗೆ ಸುಮಾರು ಹತ್ತು ಹದಿನಾಲ್ಕು ದಿನ ಹೆಚ್ಚು ಬೇಕು. ಆದ್ದರಿಂದ ಆ ಮೂರು ತಿಂಗಳಲ್ಲಿ ಬೇಕಾಗುವ ಯಾವುದೂ ಹಡಗಿಗೆ ಹೋಗಬಾರದು. ಮಕ್ಕಳ ಸ್ವೆಟರು, ಒಂದು ಕುಕ್ಕರ್, ನಾಲ್ಕು ತಟ್ಟೆ, ಹೊದಿಕೆ ಎಲ್ಲ ಸೂಟ್‌ಕೇಸಿಗೆ.

ಹಡಗಿನ ಬಾಡಿಗೆ ಮನೆಸಾಮಾನಿನ ಮಟ್ಟಿಗೆ ತೂಕದ ಮೇಲಲ್ಲ, ಹಿಡಿಯುವ ಜಾಗದ ಮೇಲೆ, ಘನ ಮೀಟರ್ ಲೆಕ್ಕ. 18×18×24 ಇಂಚಿನ ರಟ್ಟಿನ ಪೆಟ್ಟಿಗೆ ಎಂಟು ಸೇರಿದರೆ ಹತ್ತಿರ ಹತ್ತಿರ ಒಂದು ಘನ ಮೀಟರ್. ಖಾಲಿ ಸ್ಟೀಲ್ ಡಬ್ಬವನ್ನು ಹಾಗೇ ಕಳಿಸಿದರೆ ಒಳಗಿನ ಗಾಳಿಗೂ ದುಡ್ಡು ಕೊಟ್ಟಂತೆ. ಡಬ್ಬದೊಳಗೆ ಡಬ್ಬ, ಕೊನೆಯದರೊಳಗೆ ಮಕ್ಕಳ ಬಟ್ಟೆ ತುಂಬು. ಪುಸ್ತಕಕ್ಕೆ ಮಾತ್ರ 16×12×12ರ ಸಣ್ಣ ಪೆಟ್ಟಿಗೆ. ದೊಡ್ಡದರಲ್ಲಿ ತುಂಬಿದರೆ ಎತ್ತುವಾಗ ಅಡಿ ಕಿತ್ತುಬರುತ್ತದೆ.

ಬೀರು, ಗ್ಯಾಸ್ ಒಲೆ, ಹಾಸಿಗೆ ಇಲ್ಲೇ ಇರಲಿ. ಅಲ್ಲಿನ ಮಂಚದ ಅಳತೆಯೇ ಬೇರೆ, 140×200, 180×200 ಸೆಂಟಿಮೀಟರ್ ಹೀಗೆ. ಎಲಾಸ್ಟಿಕ್ ಇರುವ ಬೆಡ್‌ಶೀಟ್ ಸರಿಹೋಗುವುದಿಲ್ಲ, ಸಾದಾ ಹೊದಿಕೆ ನಡೆಯುತ್ತದೆ. ಅಡುಗೆಮನೆಯಲ್ಲಿ ಹೆಚ್ಚಾಗಿ ಕರೆಂಟಿನ ಚಪ್ಪಟೆ ಗಾಜಿನ ಒಲೆ. ಗುಂಡು ತಳದ ಬಾಣಲೆ ಅದರ ಮೇಲೆ ಕೂರುವುದಿಲ್ಲ. ಇಂಡಕ್ಷನ್ ಒಲೆ ಇದ್ದರೆ ಬರೀ ಅಲ್ಯೂಮಿನಿಯಂ ತಳದ ಕುಕ್ಕರ್ ಬಿಸಿಯೇ ಆಗದು. ಪ್ರತಿ ಪಾತ್ರೆಯ ತಳಕ್ಕೂ ಆಯಸ್ಕಾಂತ ಹಿಡಿದು ನೋಡು, ಅಂಟಿಕೊಂಡರೆ ಒಯ್ಯಿ.

ಮಿಕ್ಸಿ, ಗ್ರೈಂಡರ್ ಧಾರಾಳವಾಗಿ ಓಡುತ್ತವೆ, ಅಲ್ಲೂ 230 ವೋಲ್ಟ್, 50 ಹರ್ಟ್ಸೇ. ಪಿನ್ ಮಾತ್ರ ಬೇರೆ. ಅಗ್ಗದ ಟ್ರಾವೆಲ್ ಅಡಾಪ್ಟರಿನಲ್ಲಿ ಎಷ್ಟೋ ಸಲ ಅರ್ಥಿಂಗ್ ಸೇರುವುದಿಲ್ಲ, ಲೋಹದ ಮೈಯ ಗ್ರೈಂಡರಿಗೆ ಅದು ಅಪಾಯ. ಅಲ್ಲಿಯದೇ ಅರ್ಥಿಂಗ್ ಇರುವ ಪ್ಲಗ್ ಹಾಕಿಸು. ಗ್ರೈಂಡರಿನ ಕಲ್ಲುಗಳನ್ನು ಕಳಚಿ ಬೇರೆಯೇ ಸುತ್ತಬೇಕು. ಒಳಗೇ ಬಿಟ್ಟರೆ ಕುಲುಕಾಟಕ್ಕೆ ನಡುವಿನ ಕಂಬಿ ಬಾಗುತ್ತದೆ.

ಪಿಂಗಾಣಿ ಕಟ್ಟುವಾಗ ಆತುರ ಬೇಡ. ಪೆಟ್ಟಿಗೆ ಐದು ಪದರದ್ದು, ಹೊಸದೇ ಆಗಿರಲಿ. ಮಂಡಿಪೇಟೆಯಲ್ಲಿ ಅಂಗಡಿಯವರು ಕೊಡುವ ಹಳೆಯದು ಮೆತ್ತಗಾಗಿರುತ್ತದೆ, ಮಡಿಕೆಗಳಲ್ಲಿ ಜಿರಳೆ ಮೊಟ್ಟೆಯೂ ಇದ್ದೀತು. ಪೆಟ್ಟಿಗೆಯ ತಳಕ್ಕೆ ಎರಡು ಪಟ್ಟು ಟೇಪು, ಒಳಗೆ ತಳದ ಮೇಲೆ ಎರಡು ಇಂಚು ಮುದುರಿದ ಕಾಗದ. ತಟ್ಟೆಗಳನ್ನು ಒಂದೊಂದಾಗಿ ಬಿಳಿ ಕಾಗದದಲ್ಲಿ ಸುತ್ತಿ, ಅಂಚಿನ ಮೇಲೆ ನಿಲ್ಲಿಸು. ಒಂದರ ಮೇಲೊಂದು ಮಲಗಿಸಿದರೆ ಪೆಟ್ಟಿಗೆ ಕೈಜಾರಿದಾಗ ಅಷ್ಟೂ ಭಾರ ಕೆಳಗಿನ ತಟ್ಟೆಯ ಮೇಲೇ ಬೀಳುತ್ತದೆ. ಪತ್ರಿಕೆಯ ಮಸಿ ಬಿಳಿ ಪಿಂಗಾಣಿಗೆ ಹತ್ತುತ್ತದೆ, ಅದನ್ನು ಸಂದಿ ತುಂಬಲು ಮಾತ್ರ ಬಳಸು. ಮುಚ್ಚುವ ಮುನ್ನ ಮೆಲ್ಲಗೆ ಅಲ್ಲಾಡಿಸಿ ಕಿವಿಗೊಡು, ಸದ್ದು ಬಂದರೆ ಇನ್ನೂ ಕಾಗದ ಬೇಕು. ಮೇಲ್ತುದಿಯವರೆಗೂ ತುಂಬಿರಲೇಬೇಕು. ಟೊಳ್ಳಿದ್ದರೆ ಮೇಲಿನ ಪೆಟ್ಟಿಗೆಯ ಭಾರಕ್ಕೆ ಕುಸಿಯುತ್ತದೆ.

ಒಡೆಯುವುದಷ್ಟೇ ಅಲ್ಲ, ತೇವದಿಂದಲೂ ಸಾಮಾನು ಹಾಳಾಗುತ್ತದೆ. ಸಮುದ್ರದಲ್ಲಿ ಹಗಲು ಕಾದ ಕಂಟೇನರ್ ರಾತ್ರಿ ತಣ್ಣಗಾದಾಗ ಒಳಗಿನ ಆವಿ ಚಾವಣಿಗೆ ತಾಗಿ ಹನಿಯಾಗಿ ಉದುರುತ್ತದೆ. ಕೌದಿ, ರೇಷ್ಮೆ ಸೀರೆ, ಮುದ್ದೆ ಕೋಲು, ಲಟ್ಟಣಿಗೆ ಎಲ್ಲವೂ ಪೂರ್ತಿ ಒಣಗಿದ ಮೇಲೇ ಕಟ್ಟಬೇಕು. ಮರದ ಸಾಮಾನಿಗೆ ಎರಡು ದಿನ ಬಿಸಿಲು ತೋರಿಸು, ಸೀರೆಗೆ ಮಾತ್ರ ನೆರಳು. ಹಸಿಯಾಗಿದ್ದಾಗ ಪ್ಲಾಸ್ಟಿಕ್ ಸುತ್ತಿದರೆ ತೇವ ಒಳಗೇ ಸೆರೆಯಾಗಿ ಬೂಷ್ಟು ಬರುತ್ತದೆ. ಪೆಟ್ಟಿಗೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಹಾಕು. ಮರದ ಕ್ರೇಟ್ ಮಾಡಿಸಿದರೆ ಮರದ ಒಳತಿರುಳಿಗೂ 56 ಡಿಗ್ರಿ ಶಾಖ 30 ನಿಮಿಷ ಕೊಟ್ಟದ್ದಕ್ಕೆ ಮುದ್ರೆ ಇದೆಯೇ ನೋಡು. ಇಲ್ಲದಿದ್ದರೆ ಬಂದರಿನಲ್ಲಿ ತಡೆಯುತ್ತಾರೆ.

ಪ್ರತಿ ಪೆಟ್ಟಿಗೆಗೂ ಸಂಖ್ಯೆ, ಒಳಗಿನ ಸಾಮಾನು, ಅಂದಾಜು ಬೆಲೆ ಬರೆದ ಪಟ್ಟಿ ಬೇಕು. ಬಳಸಿದ ಮನೆಸಾಮಾನಿಗೆ ಅಲ್ಲಿ ಸಿಗುವ ಸುಂಕದ ವಿನಾಯಿತಿ ಕೇಳಲು ಅದು ಬೇಕು. ನೀನು ಯುರೋಪ್ ಒಕ್ಕೂಟದ ಹೊರಗೆ ಕನಿಷ್ಠ 12 ತಿಂಗಳು ವಾಸವಿದ್ದಿರಬೇಕು, ಸಾಮಾನನ್ನು ಕನಿಷ್ಠ 6 ತಿಂಗಳು ಬಳಸಿರಬೇಕು, ಅಲ್ಲಿ ನೆಲೆಸಿದ 12 ತಿಂಗಳೊಳಗೆ ತರಿಸಬೇಕು, ಆಮೇಲೆ 12 ತಿಂಗಳು ಮಾರಬಾರದು. ಹೊರಡುವ ವಾರ ಕೊಂಡ ಹೊಸ ಸಾಮಾನನ್ನು ಆ ಪೆಟ್ಟಿಗೆಗಳಿಗೆ ಸೇರಿಸಬೇಡ. ಇನ್ನೊಂದು: ನೀನೇ ಕಟ್ಟಿದ ಪೆಟ್ಟಿಗೆಯಲ್ಲಿ ಒಡೆದದ್ದಕ್ಕೆ ವಿಮೆಯವರು ಸಾಮಾನ್ಯವಾಗಿ ಪರಿಹಾರ ಕೊಡುವುದಿಲ್ಲ. ಪಿಂಗಾಣಿಯನ್ನು ಪ್ಯಾಕರ್ಸ್ ಹುಡುಗರೇ ಕಟ್ಟಲಿ, ನೀನು ಪಕ್ಕದಲ್ಲಿ ನಿಂತು ಮೇಲೆ ಹೇಳಿದಂತೆ ಕಟ್ಟುತ್ತಾರೆಯೇ ನೋಡಿಕೊ.

ಪಾಸ್‌ಪೋರ್ಟ್, ಮೂಲ ಪ್ರಮಾಣಪತ್ರ, ಒಡವೆ, ಮಕ್ಕಳ ಲಸಿಕೆ ಕಾರ್ಡು ಕೈಚೀಲದಲ್ಲಿ. 2020ರ ಮಾರ್ಚ್ 1ರಿಂದ ಜರ್ಮನಿಯಲ್ಲಿ ಶಾಲೆಗೆ ಸೇರಿಸಲು ದಡಾರ ಲಸಿಕೆಯ ಪುರಾವೆ ಕೇಳುತ್ತಾರೆ, ಆ ಕಾರ್ಡು ಹಡಗಿನಲ್ಲಿ ಹೋದರೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಪವರ್ ಬ್ಯಾಂಕ್ ಕೂಡ ಕೈಚೀಲಕ್ಕೇ.

ಭಾನುವಾರ ಅಳತೆ ಟೇಪು, ಆಯಸ್ಕಾಂತ ಎರಡನ್ನೂ ಹಿಡಿದು ಬರುತ್ತೇನೆ. ಅಷ್ಟರಲ್ಲಿ ಅಟ್ಟದ ಮೇಲಿನದನ್ನೆಲ್ಲ ಕೆಳಗಿಳಿಸಿರು.

ನಿನ್ನ ಗೆಳೆಯ