ತಿಂಗಳ ಪತ್ರಕ್ಕೊಂದು ಹೆಸರು

ಪ್ರೀತಿಯ ಅಕ್ಕ,

ಅಪ್ಪ ಅಮ್ಮನಿಗೂ ಓದಿ ಹೇಳು, ಇದು ಎಲ್ಲರಿಗೂ ಸೇರಿಸಿ ಬರೆದದ್ದು. ನಾನು ಚೆನ್ನಾಗಿದ್ದೇನೆ. ಮಿಷನರಿ ಕೆಲಸಕ್ಕೆ ಇಷ್ಟು ದೂರ ಬಂದ ನಾನು ನಮ್ಮ ಚರ್ಚ್ ಸಭೆಯವರಿಗೂ ಸ್ನೇಹಿತರಿಗೂ ಇಲ್ಲಿಂದ ಕಳಿಸುವ ತಿಂಗಳ ಪತ್ರಕ್ಕೆ ಹೆಸರು ಇಟ್ಟಾಯ್ತಾ ಅಂತ ಹೋದ ಸಲ ಫೋನಲ್ಲಿ ಕೇಳಿದೆಯಲ್ಲ, ಆಗಿನ್ನೂ ಇಟ್ಟಿರಲಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ ಅಂತ ಯಾರಿಗೆ ಗೊತ್ತಿತ್ತು!

ಮೊದಲು ಹೊಳೆದದ್ದು 'ಕತ್ತಲಲ್ಲಿ ಹಣತೆ'. ಎರಡು ದಿನ ಬೀಗಿದೆ. ಆಮೇಲೆ ನನಗೆ ಇಲ್ಲಿನ ಭಾಷೆ ಕಲಿಸುವ ಅಜ್ಜಿ, ನೀನು ಮನೆಗೆ ಬರೆಯುವ ಪತ್ರದ ಮೇಲೆ ಏನಂತ ಬರೆದಿದೆ ಅಂತ ಕೇಳಿದರು. ಅರ್ಥ ಹೇಳಲು ಬಾಯಿ ತೆರೆದವಳು ಹಾಗೇ ಸುಮ್ಮನಾದೆ. ಹಣತೆ ನಾನಾದರೆ ಕತ್ತಲು ಯಾರು? ಎದುರಿಗೆ ಕೂತು ನನ್ನ ತಪ್ಪುಗಳನ್ನು ತಾಳ್ಮೆಯಿಂದ ತಿದ್ದುತ್ತಿರುವ ಅವರೇ ಅಲ್ವಾ? ನಾಚಿಕೆಯಾಯಿತು. ಅವರ ಮುಖ ನೋಡಿ ಹೇಳಲಾಗದ ಹೆಸರು ಬೇಡ ಅಂತ ಅವತ್ತೇ ಗಟ್ಟಿ ಮಾಡಿಕೊಂಡೆ. 'ಕೊಯ್ಲಿನ ಹೊಲ' ಹೋಯಿತು, ಜನರನ್ನು ಪೈರು ಮಾಡಿದ ಹಾಗೆ. 'ಮುಂಚೂಣಿಯಿಂದ' ಅನ್ನೋದೂ ಹೋಯಿತು. ನಾನೇನು ಯುದ್ಧಕ್ಕೆ ಬಂದಿದ್ದೀನಾ?

ಅಪ್ಪ ಹೇಳಿದ 'ಅಂದವಾದ ಪಾದಗಳು' ಬೈಬಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರದಿಂದ ಬಂದದ್ದು, 10:15, ಶುಭವಾರ್ತೆ ಸಾರುವವರ ಪಾದಗಳು ಎಷ್ಟು ಅಂದ ಅಂತ. ವಾಕ್ಯವೇನೋ ಚೆಂದ. ಆದರೆ ಅಪ್ಪಾ, ನನ್ನ ಪಾದ ನಾನೇ ಹೊಗಳಿಕೊಳ್ಳೋದಾ? ಹಿಮ್ಮಡಿ ಒಡೆದಿರೋದು ಬೇರೆ ವಿಷಯ.

ಅಮ್ಮ ಹೇಳಿದ ಹಾಗೆ ನನ್ನ ಹೆಸರಿನ ಮುಂದೆ 'ಮಿಷನ್' ಸೇರಿಸುವುದಕ್ಕೂ ಮನಸ್ಸು ಬರಲಿಲ್ಲ. ಕೆಲವು ದೇಶಗಳಲ್ಲಿ ಆ ಒಂದು ಪದವೇ ಕಷ್ಟ ತರುತ್ತದೆ, ಅದೂ ನನಗಲ್ಲ. ನಾನು ವಿಮಾನ ಹತ್ತಿ ವಾಪಸ್ ಬಂದುಬಿಡಬಹುದು, ನನ್ನ ಜೊತೆ ಪ್ರಾರ್ಥನೆಗೆ ಕೂತವರು ಅಲ್ಲೇ ಇರಬೇಕಲ್ಲ. ಇಲ್ಲಿ ಅಷ್ಟು ಬಿಗಿ ಇಲ್ಲ, ಆದರೆ ಮುಂದೆ ಎಲ್ಲಿಗೆ ಕಳಿಸುತ್ತಾರೋ.

ಅದೇ ಕಾರಣಕ್ಕೆ ಊರಿನ ಹೆಸರೂ ಬೇಡ ಅನಿಸಿತು. ಮೋಗ್ಲಿಂಗ್ ಅವರ ಕಥೆ ನಿನಗೆ ಗೊತ್ತಲ್ಲ. ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆಯ ಮಿಷನರಿಯಾಗಿದ್ದ ಅವರು 1843ರ ಜುಲೈ 1ರಂದು 'ಮಂಗಳೂರು ಸಮಾಚಾರ' ಶುರು ಮಾಡಿದರು, ಕನ್ನಡದ ಮೊದಲ ಪತ್ರಿಕೆ. ಮರುವರ್ಷ ಅದು ಬಳ್ಳಾರಿಯಲ್ಲಿ ಅಚ್ಚಾಗತೊಡಗಿದಾಗ 'ಕನ್ನಡ ಸಮಾಚಾರ' ಆಯಿತು. ಜಾಗ ಬದಲಾದರೆ ಹೆಸರೂ ಬದಲಾಗಬೇಕು. ಆದರೂ ಆ ಹೆಸರು ನನಗಿಷ್ಟ. 1818ರಲ್ಲಿ ಸೆರಾಂಪುರದ ಮಿಷನರಿಗಳು ಬಂಗಾಳಿಯಲ್ಲಿ ತಂದ 'ಸಮಾಚಾರ ದರ್ಪಣ'ವೂ ಹಾಗೇ. ಸಮಾಚಾರ, ಕನ್ನಡಿ, ಅಷ್ಟೇ. ತಂದವರ ಬಗ್ಗೆ ಒಂದು ಮಾತಿಲ್ಲ. ಪೌಲನ ಪತ್ರಗಳನ್ನೇ ನೋಡು, ರೋಮಾಪುರದವರಿಗೆ, ಕೊರಿಂಥದವರಿಗೆ, ಗಲಾತ್ಯದವರಿಗೆ. ಬರೆದವನ ಹೆಸರಿನಿಂದಲ್ಲ, ಯಾರಿಗೆ ಬರೆದನೋ ಅವರ ಹೆಸರಿನಿಂದಲೇ ನಾವು ಇವತ್ತಿಗೂ ಕರೆಯೋದು.

ಕೊನೆಗೆ ಸಿಕ್ಕಿದ್ದು ನಾನು ಇಲ್ಲಿ ದಿನಕ್ಕೆ ಐವತ್ತು ಸಲ ಆಡುವ ಮಾತು: 'ಇನ್ನೊಂದ್ಸಲ ಹೇಳಿ'. ಬಸ್ಸಲ್ಲಿ, ಪ್ರಾರ್ಥನೆಯಲ್ಲಿ, ಪಕ್ಕದ ಮನೆಯವರ ಹತ್ತಿರ, ಎಲ್ಲಾ ಕಡೆ ಅದೇ. ಹೇಳೋಕೆ ಅಂತ ಬಂದವಳು ಜಾಸ್ತಿ ಹೊತ್ತು ಕೇಳಿಸಿಕೊಳ್ಳೋದರಲ್ಲೇ ಇದ್ದೀನಿ, ಪತ್ರದಲ್ಲೂ ಅದೇ ತಾನೇ ಇರೋದು. ಅಜ್ಜಿಗೆ ಅರ್ಥ ಹೇಳಿದೆ. ಬಿದ್ದು ಬಿದ್ದು ನಕ್ಕರು, ಆಮೇಲೆ ಬೇಕಂತಲೇ ಇನ್ನೂ ಜೋರಾಗಿ, 'ಏನಂದೆ, ಇನ್ನೊಂದ್ಸಲ ಹೇಳು' ಅಂದರು.

ಅಪ್ಪನಿಗೆ ಇದು ತೀರಾ ಹಗುರ ಅನಿಸಬಹುದು, ನೀನೇ ಸ್ವಲ್ಪ ಸಮಾಧಾನ ಮಾಡು. ಒಪ್ಪಿದರೆ ಮೊದಲ ಪತ್ರ ಮುಂದಿನ ವಾರ ಕಳಿಸ್ತೀನಿ. ಅಲ್ಲಿವರೆಗೆ ಅಮ್ಮ ಸಭೆಯಲ್ಲಿ ಯಾರಿಗೂ ಹೇಳದ ಹಾಗೆ ನೋಡಿಕೋ.

ನಿನ್ನ ತಂಗಿ